ಐಡಿಯಾಗೆ ಸರ್ಕಾರದ ನೆರವು: ಚಿಕ್ಕಬಳ್ಳಾಪುರ ಕಡೆಯವರು ಅರ್ಜಿ ಹಾಕುವುದು ಹೇಗೆ?

ಸಂಶೋಧನೆಗೆ ಸರ್ಕಾರ ದುಡ್ಡು ಕೊಡುತ್ತದೆ ಅಂದರೆ, ಅದೆಲ್ಲ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಟಾಟಾ ಇನ್‌ಸ್ಟಿಟ್ಯೂಟ್‌ನವರಿಗೆ ಅಂತ ನಮ್ಮ ಕಡೆ ತುಂಬಾ ಜನ ಅಂದುಕೊಂಡಿದ್ದಾರೆ. ದೊಡ್ಡ ಮೊತ್ತಗಳು ಅಲ್ಲಿಗೆ ಹೋಗುವುದು ನಿಜ. ಆದರೆ ಎಂಟನೇ ಕ್ಲಾಸಿನ ಹುಡುಗಿಗೆ, ಕೊನೇ ವರ್ಷದ ಇಂಜಿನಿಯರಿಂಗ್ ಹುಡುಗರಿಗೆ, ವೆಲ್ಡಿಂಗ್ ಅಂಗಡಿ ಇಟ್ಟವರಿಗೆ, ಹಿಪ್ಪುನೇರಳೆ ಬೆಳೆಯುವ ರೈತರಿಗೆ ಅಂತಲೇ ಇರುವ ಯೋಜನೆಗಳೂ ಇವೆ. ಶಿಡ್ಲಘಟ್ಟ, ಚಿಂತಾಮಣಿ, ಬಾಗೇಪಲ್ಲಿಯಿಂದ ಇವಕ್ಕೆ ಹೋಗುವ ಅರ್ಜಿಗಳು ಕಡಿಮೆ. ಹೋದವೂ ಬರವಣಿಗೆ ಸರಿಯಿಲ್ಲದೆ ವಾಪಸ್ ಬರುತ್ತವೆ. ಆ ಬರವಣಿಗೆ ಸರಿಯಾಗಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ದೊಡ್ಡ ವಿಜ್ಞಾನ ನಮ್ಮ ಸೀಮೆಗೆ ಹೊಸದೂ ಅಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಜಾಸ್ತಿ ಆಳದಲ್ಲಿ ಉಪಕರಣ ಇಟ್ಟು, 1965ರಲ್ಲಿ ವಾತಾವರಣದಿಂದ ಬರುವ ನ್ಯೂಟ್ರಿನೊಗಳನ್ನು ಪತ್ತೆ ಮಾಡಿದರು. ಗೌರಿಬಿದನೂರಿನಲ್ಲಿ ಭೂಕಂಪನ ಅಳೆಯುವ ಕೇಂದ್ರ ಇದೆ, ಸೂರ್ಯನಿಂದ ಬರುವ ರೇಡಿಯೊ ಅಲೆಗಳನ್ನು ಹಿಡಿಯುವ ಕೇಂದ್ರವೂ ಇದೆ. ಆ ರಸ್ತೆಯಲ್ಲಿ ಬಸ್ಸಿನಲ್ಲಿ ಓಡಾಡುವ ಎಷ್ಟೋ ಮಕ್ಕಳಿಗೆ ಇದು ಗೊತ್ತೇ ಇಲ್ಲ ಅನ್ನೋದು ನನಗೆ ನಿಜವಾಗಲೂ ಬೇಜಾರು.

ಮೊದಲು ನಿಮ್ಮ ಹಂತ ಯಾವುದು ನೋಡಿ

ಯೋಜನೆಯ ಹೆಸರು ಹುಡುಕಲು ಹೋಗಬೇಡಿ. ಹೆಸರುಗಳು ನೂರಾರಿವೆ, ತಲೆ ಕೆಡುತ್ತದೆ. ಮೊದಲು ನಿಮ್ಮ ಕೈಯಲ್ಲಿ ಏನಿದೆ ಅಂತ ಕೇಳಿಕೊಳ್ಳಿ. ಬರೀ ಯೋಚನೆ ಇದೆಯಾ? ರಟ್ಟು, ತಂತಿ, ಪೈಪು ಸೇರಿಸಿ ಮಾಡಿದ ಕಚ್ಚಾ ಮಾದರಿ ಇದೆಯಾ? ಹೊಲದಲ್ಲೋ ಅಂಗಡಿಯಲ್ಲೋ ನಾಲ್ಕು ದಿನ ಓಡಿಸಿ ನೋಡಿದ ಯಂತ್ರ ಇದೆಯಾ? ಅಥವಾ ಈಗಾಗಲೇ ಯಾರಿಗಾದರೂ ಮಾರಿದ್ದೀರಾ?

ಸರ್ಕಾರಿ ಕಾಗದಗಳಲ್ಲಿ ಇದಕ್ಕೆ ಟಿ.ಆರ್.ಎಲ್. ಅನ್ನುತ್ತಾರೆ, ತಂತ್ರಜ್ಞಾನ ಎಷ್ಟು ಸಿದ್ಧವಾಗಿದೆ ಅನ್ನುವ ಅಳತೆ. 1ರಿಂದ 9ರವರೆಗೆ ಮಟ್ಟಗಳಿವೆ. 1 ಅಂದರೆ ಮೂಲ ತತ್ವ ಮಾತ್ರ ಗೊತ್ತು. 3 ಅಂದರೆ ಆ ಯೋಚನೆ ಕೆಲಸ ಮಾಡುತ್ತದೆ ಅಂತ ಪ್ರಯೋಗ ಮಾಡಿ ತೋರಿಸಿದ್ದೀರಿ. 6, 7ಕ್ಕೆ ಬಂದರೆ ನಿಜವಾದ ಜಾಗದಲ್ಲಿ, ಬಿಸಿಲು ದೂಳಿನಲ್ಲಿ ಯಂತ್ರ ಓಡಿದೆ. 9 ಅಂದರೆ ಜನ ದಿನಾ ಬಳಸುತ್ತಿದ್ದಾರೆ. ಅರ್ಜಿಯಲ್ಲಿ ಇದನ್ನು ಕೇಳಿದಾಗ ಇರುವುದಕ್ಕಿಂತ ಒಂದು ಮಟ್ಟ ಜಾಸ್ತಿ ಬರೆಯಬೇಡಿ. ಸಂದರ್ಶನದಲ್ಲಿ "ಎಲ್ಲಿ ಓಡಿಸಿದ್ರಿ, ಎಷ್ಟು ದಿನ, ಏನು ಕೆಟ್ಟಿತು?" ಅಂತ ಕೇಳಿದ ಕೂಡಲೇ ಗೊತ್ತಾಗುತ್ತದೆ.

ಕೇಂದ್ರ ಸರ್ಕಾರ ಈಚೆಗೆ ಸಂಶೋಧನೆ, ಅಭಿವೃದ್ಧಿ, ನಾವೀನ್ಯತೆಗೆ ಅಂತ 1 ಲಕ್ಷ ಕೋಟಿ ರೂಪಾಯಿಯ ನಿಧಿ ಮಾಡಿದೆ. ಆ ಸುದ್ದಿ ನೋಡಿ ಆಸೆಪಟ್ಟು ಕೇಳುವವರು ಇದ್ದಾರೆ. ಆ ಹಣ ಟಿ.ಆರ್.ಎಲ್. 4 ಅಥವಾ ಅದಕ್ಕಿಂತ ಮೇಲೆ ಬಂದ, ಕಂಪನಿ ರೂಪದಲ್ಲಿರುವ ಕೆಲಸಗಳಿಗೆ. ಹೆಚ್ಚಾಗಿ ಕಡಿಮೆ ಬಡ್ಡಿಯ ದೀರ್ಘ ಸಾಲದ ರೂಪದಲ್ಲಿ ಸಿಗುತ್ತದೆ. ಮೊದಲ ಮಾದರಿ ಮಾಡುತ್ತಿರುವವರು ಅದರ ಹಿಂದೆ ಓಡಿ ಸಮಯ ಹಾಳು ಮಾಡಿಕೊಳ್ಳಬೇಡಿ.

ಸಮಸ್ಯೆಯನ್ನು ಅಳೆದು ಬರೆಯಿರಿ

ಇಡೀ ಅರ್ಜಿಯಲ್ಲಿ ಗೆಲ್ಲಿಸುವುದೂ ಸೋಲಿಸುವುದೂ ಈ ಒಂದು ಪುಟ. ಹಾಗಾಗಿ ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಶಿಡ್ಲಘಟ್ಟದ ಹತ್ತಿರದ ಒಬ್ಬ ವಿದ್ಯಾರ್ಥಿನಿ ತನ್ನ ಪ್ರಾಜೆಕ್ಟ್ ಪ್ರಸ್ತಾವನೆ ತೋರಿಸಲು ತಂದಿದ್ದಳು. ಮೇಲೆ "ಐಓಟಿ ಆಧಾರಿತ ಸ್ಮಾರ್ಟ್ ರೇಷ್ಮೆ ಕೃಷಿ ವ್ಯವಸ್ಥೆ" ಅಂತ ಬರೆದಿತ್ತು. ಒಳಗೆ, ಭಾರತ ಕೃಷಿ ಪ್ರಧಾನ ದೇಶ ಅಂತ ಶುರುವಾಗಿ, ಒಂದೂವರೆ ಪುಟ ಅದೇ ಧಾಟಿ. ಇಂಟರ್‌ನೆಟ್ಟಿನಿಂದ ಎತ್ತಿದ್ದು ಅಂತ ನೋಡಿದರೇ ಗೊತ್ತಾಗುತ್ತಿತ್ತು.

"ನಿಮ್ಮನೇಲಿ ಹುಳು ಸಾಕ್ತೀರಾ?" ಅಂತ ಕೇಳಿದೆ.

"ಹೂಂ ಮೇಡಂ. ಅಮ್ಮನೇ ಎಲ್ಲಾ ನೋಡ್ಕೊಳ್ಳೋದು."

"ಯಾವಾಗ ತೊಂದರೆ ಜಾಸ್ತಿ?"

"ನಾಲ್ಕನೇ ಜ್ವರ ಎದ್ದ ಮೇಲೆ ಮೇಡಂ. ಬೇಸಿಗೇಲಿ ಮಧ್ಯಾಹ್ನ ಶೆಕೆ ತಡೆಯಕ್ಕಾಗಲ್ಲ. ಅಮ್ಮ ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ತಾರೆ. ಸಾಯಂಕಾಲ ತೆಗೆಯೋದು ಮರೆತ್ರೆ ರಾತ್ರಿಯೆಲ್ಲ ತೇವ. ಆಮೇಲೆ ಸುಣ್ಣಕಟ್ಟು ಬಂದ್ರೆ ಬೆಳೆನೇ ಹೋಯ್ತು."

(ಜ್ವರ ಅಂದರೆ ಹುಳು ಪೊರೆ ಬಿಡುವ ಹಂತ, ಸುಣ್ಣಕಟ್ಟು ಅಂದರೆ ತೇವ ಜಾಸ್ತಿಯಾದಾಗ ಹುಳುವಿಗೆ ಬರುವ ಶಿಲೀಂಧ್ರ ರೋಗ.) ಅರ್ಜಿಗೆ ಬೇಕಾದದ್ದೆಲ್ಲ ಆ ನಾಲ್ಕು ಮಾತಿನಲ್ಲಿ ಇತ್ತು, ಅಲ್ವಾ? ಕಾಗದದ ಮೇಲೆ ಒಂದು ಸಾಲೂ ಇರಲಿಲ್ಲ, ಅಷ್ಟೇ.

ಅದನ್ನು ಹೀಗೆ ಬರೆಯಬೇಕು. ಮೊದಲು, ಸರಿಯಾದ ಅಳತೆ ಏನು? ಕೊನೆಯ ಹಂತದ ಹುಳುವಿಗೆ ಸುಮಾರು 23ರಿಂದ 25 ಡಿಗ್ರಿ ಶಾಖ, ಶೇ. 65ರಿಂದ 70 ತೇವಾಂಶ ಬೇಕು. ಚಾಕಿ ಹುಳುವಿಗಾದರೆ, ಅಂದರೆ ಮೊದಲ ಹಂತಗಳ ಮರಿ ಹುಳುವಿಗೆ, ಶಾಖ, ತೇವ ಎರಡೂ ಇದಕ್ಕಿಂತ ಜಾಸ್ತಿ. ಎರಡನೆಯದು, ನಮ್ಮ ಹುಳು ಮನೆಯಲ್ಲಿ ಏನಿದೆ? ಇದನ್ನು ಅಂದಾಜಿನಲ್ಲಿ ಬರೆಯಬಾರದು. ಶಾಖ, ತೇವ ಎರಡನ್ನೂ ತೋರಿಸುವ ಸಣ್ಣ ಮೀಟರು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ತಟ್ಟೆಯ ಎತ್ತರದಲ್ಲಿ ತೂಗುಹಾಕಿ, ಒಂದು ಬೆಳೆ ಪೂರ್ತಿ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪಕ್ಕದ ಬೀದಿಯ ಇನ್ನೆರಡು ಮನೆಗಳಲ್ಲೂ ಹೀಗೇ ಮಾಡಿ. ಮೂರನೆಯದು, ಈಗ ಜನ ಏನು ಮಾಡುತ್ತಿದ್ದಾರೆ, ಅದರಲ್ಲಿ ಎಲ್ಲಿ ತಪ್ಪುತ್ತಿದೆ? ಗೋಣಿಚೀಲದ ವಿಷಯ ಇಲ್ಲಿ ಬರಬೇಕು. ನಾಲ್ಕನೆಯದು, ನೀವು ಮಾಡುವ ಸಾಧನಕ್ಕೆ ಎಷ್ಟು ಬೆಲೆ ಇದ್ದರೆ ಒಬ್ಬ ರೈತ ಕೊಳ್ಳಬಹುದು? ಇದಕ್ಕೆ ಉತ್ತರ ರೈತರನ್ನೇ ಕೇಳಿ ಬರೆಯಿರಿ.

ಆ ನೋಟ್‌ಬುಕ್ ಪುಟಗಳ ಫೋಟೊವನ್ನು ಅರ್ಜಿಗೆ ಲಗತ್ತಿಸಿ. ಬೆಂಗಳೂರಿನ ದೊಡ್ಡ ಕಾಲೇಜಿನ ಹುಡುಗರಿಗಿಂತ ನೀವು ಮುಂದೆ ಇರುವುದು ಇಲ್ಲಿಯೇ. ಅವರಿಗೆ ಒಳ್ಳೆಯ ಲ್ಯಾಬ್ ಇದೆ. ಹುಳು ಮನೆ ಇಲ್ಲ.

ರೇಷ್ಮೆ ಬಿಟ್ಟರೆ ಬೇರೆ ವಿಷಯಗಳೂ ಬೇಕಾದಷ್ಟಿವೆ. ಬಾಗೇಪಲ್ಲಿ, ಪಾವಗಡ ಕಡೆ ಕೊಳವೆ ಬಾವಿ ನೀರಿನಲ್ಲಿ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮೂರಿನ ಶುದ್ಧ ನೀರಿನ ಘಟಕದಲ್ಲಿ ಫಿಲ್ಟರ್ ಬದಲಿಸಿ ಎಷ್ಟು ದಿನವಾದ ಮೇಲೆ ನೀರು ಆ ಮಿತಿ ದಾಟುತ್ತದೆ ಅಂತ ಯಾರಾದರೂ ನೋಡಿದ್ದಾರಾ? ಕೋಲಾರದ ಟೊಮೇಟೊ ಮಂಡಿಯಲ್ಲಿ ಬೆಲೆ ಬಿದ್ದ ದಿನ ಕ್ರೇಟುಗಟ್ಟಲೆ ರಸ್ತೆಗೆ ಸುರಿಯುತ್ತಾರೆ. ತಿಪಟೂರು ಕಡೆ ತೆಂಗಿನ ಮರ ಹತ್ತುವವರು ಸಿಗುತ್ತಿಲ್ಲ. ಹುಣಸೆಹಣ್ಣು ಬಿಡಿಸುವ ಹೆಂಗಸರ ಬೆರಳು ನೋಡಿದ್ದೀರಾ? ಇದರಲ್ಲಿ ಯಾವುದನ್ನಾದರೂ ಅಳೆದು ಬರೆದರೆ ಅದೇ ಒಳ್ಳೆಯ ಅರ್ಜಿ.

ಶಾಲೆ ಮಕ್ಕಳಿಗೆ: ಇನ್‌ಸ್ಪೈರ್ ಮಾನಕ್

ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಅಂದರೆ ಡಿ.ಎಸ್.ಟಿ., 1971ರಲ್ಲಿ ಶುರುವಾದದ್ದು. ನಾವು ಮಾತಾಡುತ್ತಿರುವ ಯೋಜನೆಗಳಲ್ಲಿ ಹಲವು ಅದರದ್ದೇ. ಇನ್‌ಸ್ಪೈರ್ ಮಾನಕ್ ಕೂಡ, ಶಾಲೆ ಮಕ್ಕಳ ಹೊಸ ಐಡಿಯಾಗಳನ್ನು ಆರಿಸಿ ಮಾದರಿ ಮಾಡಲು ನೆರವು ಕೊಡುವ ಯೋಜನೆ ಅದು. ಮೊದಲು 6ರಿಂದ 10ನೇ ತರಗತಿಯವರೆಗೆ ಇತ್ತು, ಈಗ ಪಿಯುಸಿ ಮಕ್ಕಳನ್ನೂ ಸೇರಿಸಿದ್ದಾರೆ. ಒಂದು ಶಾಲೆಯಿಂದ ಐದು ಐಡಿಯಾ ಕಳಿಸಬಹುದು. ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ ಮಗುವಿನ ಬ್ಯಾಂಕ್ ಖಾತೆಗೆ ಬರುತ್ತದೆ. ಆಮೇಲೆ ಜಿಲ್ಲಾ ಮಟ್ಟದ ಪ್ರದರ್ಶನ, ರಾಜ್ಯ, ದೆಹಲಿ.

ಕೆಲಸದ ಕ್ರಮ ಹೀಗೆ. ಮಗು ನೇರವಾಗಿ ಅರ್ಜಿ ಹಾಕಲು ಆಗುವುದಿಲ್ಲ, ಶಾಲೆಯೇ ಹಾಕಬೇಕು. ಶಾಲೆಯ ಯುಡೈಸ್ ಸಂಖ್ಯೆ (ಸರ್ಕಾರ ಪ್ರತಿ ಶಾಲೆಗೂ ಕೊಟ್ಟಿರುವ ಗುರುತಿನ ಸಂಖ್ಯೆ) ಇಟ್ಟುಕೊಂಡು ಮಾನಕ್ ಪೋರ್ಟಲ್‌ನಲ್ಲಿ ಒಂದು ಸಲ ನೋಂದಣಿ ಮಾಡಬೇಕು. ನಿಮ್ಮ ಶಾಲೆ ನೋಂದಣಿ ಆಗಿದೆಯಾ ಅಂತ ಮುಖ್ಯ ಶಿಕ್ಷಕರನ್ನು ಕೇಳಿ. ಆಗಿರದಿದ್ದರೆ ಡಿಡಿಪಿಐ (ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಕಚೇರಿಯಲ್ಲಿ ಇದನ್ನು ನೋಡಿಕೊಳ್ಳುವ ನೋಡಲ್ ಅಧಿಕಾರಿ ಇರುತ್ತಾರೆ, ಅವರು ಒಪ್ಪಿಗೆ ಕೊಡಬೇಕು. ತುಮಕೂರಿನವರಿಗೆ ಒಂದು ಮಾತು: ನಿಮ್ಮದು ತುಮಕೂರು ಶೈಕ್ಷಣಿಕ ಜಿಲ್ಲೆಯೋ ಮಧುಗಿರಿ ಶೈಕ್ಷಣಿಕ ಜಿಲ್ಲೆಯೋ ನೋಡಿಕೊಂಡು ಹೋಗಿ, ಎರಡರ ಕಚೇರಿ ಬೇರೆ ಬೇರೆ.

ಐಡಿಯಾವನ್ನು ಕನ್ನಡದಲ್ಲೇ ಬರೆಯಬಹುದು. ದಯವಿಟ್ಟು ಕನ್ನಡದಲ್ಲೇ ಬರೆಸಿ. ಮಗು ಹೇಳಿದ್ದನ್ನು ಮೇಷ್ಟ್ರು ಇಂಗ್ಲಿಷಿಗೆ ತಿರುಗಿಸುವಾಗ ಅದರ ಜೀವವೇ ಹೋಗಿಬಿಡುತ್ತದೆ. ಉರಿಯುವ ಜ್ವಾಲಾಮುಖಿ, ಗಾಳಿಯಂತ್ರದ ಬೊಂಬೆ, ಮಳೆನೀರು ಕೊಯ್ಲಿನ ಥರ್ಮಾಕೋಲ್ ಮಾದರಿ ಕಳಿಸಬೇಡಿ. ಅವು ಸಾವಿರ ಸಲ ಬಂದುಹೋಗಿವೆ. ಅಜ್ಜಿ ಕೊಡ ಎತ್ತಲು ಕಷ್ಟಪಡುತ್ತಾರೆ, ಅದಕ್ಕೆ ಹೀಗೊಂದು ಹಿಡಿ ಮಾಡಿದರೆ ಹೇಗೆ ಅನ್ನುವಂಥದ್ದು ಕಳಿಸಿ.

ಹಣ ಬರುವಾಗ ಆಗುವ ತೊಂದರೆ ಒಂದೇ, ಬ್ಯಾಂಕ್ ಖಾತೆ. ಖಾತೆ ಮಗುವಿನ ಹೆಸರಿನಲ್ಲಿ ಇರಬೇಕು, ಆಧಾರ್ ಜೋಡಣೆ ಆಗಿರಬೇಕು, ಚಾಲ್ತಿಯಲ್ಲಿರಬೇಕು. ಸ್ಕಾಲರ್‌ಶಿಪ್ಪಿಗೆ ಅಂತ ತೆರೆದು ಆಮೇಲೆ ಮುಟ್ಟದೇ ಬಿಟ್ಟ ಖಾತೆಯಾದರೆ ಅರ್ಜಿ ಹಾಕುವ ಮೊದಲೇ ಬ್ಯಾಂಕಿಗೆ ಹೋಗಿ ಸರಿಮಾಡಿಸಿ. ಹೆಸರಿನ ಅಕ್ಷರ ಶಾಲೆ ದಾಖಲೆ, ಆಧಾರ್, ಪಾಸ್‌ಬುಕ್ ಮೂರರಲ್ಲೂ ಒಂದೇ ಥರ ಇದೆಯಾ ನೋಡಿ.

ನಿಮ್ಮ ಊರಿನಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆ ಇದೆಯಾ ಅಂತಲೂ ವಿಚಾರಿಸಿ. ಇದು ನೀತಿ ಆಯೋಗದ ಅಟಲ್ ಇನೊವೇಶನ್ ಮಿಷನ್‌ನದು. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಕೊಡುತ್ತಾರೆ. ತ್ರೀಡಿ ಪ್ರಿಂಟರ್, ಸೆನ್ಸರ್, ಮೋಟಾರು ಎಲ್ಲ ಇರುತ್ತದೆ. ಪಕ್ಕದ ಶಾಲೆಯ ಮಕ್ಕಳೂ ಬಂದು ಬಳಸಲಿ ಅನ್ನುವುದು ಯೋಜನೆಯ ಆಶಯ. ಬೀಗ ಹಾಕಿಟ್ಟ ಲ್ಯಾಬ್ ಕಂಡರೆ ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ.

ಪಿಯುಸಿ ಆದ ಮೇಲೆ, ಮತ್ತು ಇಂಜಿನಿಯರಿಂಗ್‌ನಲ್ಲಿ

ಪಿಯುಸಿಯಲ್ಲಿ ತಮ್ಮ ಬೋರ್ಡಿನ ಮೇಲಿನ ಶೇ. 1ರಷ್ಟು ಮಕ್ಕಳಲ್ಲಿ ಒಬ್ಬರಾಗಿ, ಆಮೇಲೆ ಬಿಎಸ್‌ಸಿಯಂಥ ಮೂಲ ವಿಜ್ಞಾನ ಓದುವವರಿಗೆ ಇನ್‌ಸ್ಪೈರ್ ಶೀ ಅನ್ನುವ ವಿದ್ಯಾರ್ಥಿವೇತನ ಇದೆ. ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 60,000 ಕೈಗೆ, 20,000 ಬೇಸಿಗೆ ರಜೆಯಲ್ಲಿ ಒಬ್ಬ ವಿಜ್ಞಾನಿಯ ಹತ್ತಿರ ಮಾಡುವ ಪ್ರಾಜೆಕ್ಟಿಗೆ. ಹೆಸರು ಕೇಳಿ ಹೆಣ್ಣುಮಕ್ಕಳಿಗೆ ಮಾತ್ರ ಅಂದುಕೊಳ್ಳಬೇಡಿ, ಎಲ್ಲರಿಗೂ ಇದೆ. ಇಂಜಿನಿಯರಿಂಗ್, ಮೆಡಿಕಲ್‌ಗೆ ಸೇರಿದರೆ ಸಿಗುವುದಿಲ್ಲ. ಮಗಳು ಫಿಸಿಕ್ಸ್ ಓದುತ್ತೇನೆ ಅಂದಾಗ "ಅದರಿಂದ ಏನು ಬರುತ್ತೆ?" ಅನ್ನುವ ಅಪ್ಪ ಅಮ್ಮಂದಿರಿಗೆ ಈ ಲೆಕ್ಕ ತೋರಿಸಿ.

ಇಂಜಿನಿಯರಿಂಗ್ ಕೊನೇ ವರ್ಷದವರಿಗೆ ನಮ್ಮ ರಾಜ್ಯದ್ದೇ ಒಂದು ಒಳ್ಳೆಯ ಯೋಜನೆ ಇದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಎಲ್ಲರೂ ಕೆ.ಎಸ್.ಸಿ.ಎಸ್.ಟಿ. ಅನ್ನುವುದು, 1975ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿದೆ. ಅದರ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮ ನಾಲ್ಕು ದಶಕಕ್ಕೂ ಮೀರಿ ನಡೆಯುತ್ತಿದೆ. ಪ್ರಸ್ತಾವನೆ ಕಾಲೇಜಿನ ಮೂಲಕ ಹೋಗಬೇಕು. ಗೈಡ್, ವಿಭಾಗದ ಮುಖ್ಯಸ್ಥರು, ಪ್ರಿನ್ಸಿಪಾಲ್ ಮೂವರ ಸಹಿ ಬೇಕು. ಮೊತ್ತ ಸಣ್ಣದು, ಸಾಮಾನು ಖರ್ಚಿಗೆ ಆಗುವಷ್ಟು. ಆದರೆ ಮಧ್ಯದಲ್ಲಿ ಹೊರಗಿನವರು ಬಂದು ಮೌಲ್ಯಮಾಪನ ಮಾಡುತ್ತಾರೆ. ಚೆನ್ನಾಗಿದ್ದರೆ ರಾಜ್ಯ ಮಟ್ಟದ ಪ್ರದರ್ಶನಕ್ಕೆ ಕರೆಯುತ್ತಾರೆ. ಮುಂದೆ ದೊಡ್ಡ ಅರ್ಜಿ ಹಾಕುವಾಗ ಈ ಒಂದು ಸಾಲು ತುಂಬಾ ಕೆಲಸಕ್ಕೆ ಬರುತ್ತದೆ.

ಇಲ್ಲಿ ಮಕ್ಕಳು ತಡಮಾಡುವುದು ಸಹಿಯ ವಿಷಯದಲ್ಲಿ. ಕೊನೇ ದಿನ ಪ್ರಿನ್ಸಿಪಾಲ್ ವಿಟಿಯು ಕೆಲಸದ ಮೇಲೆ ಬೆಳಗಾವಿಗೆ ಹೋಗಿರುತ್ತಾರೆ. ಸುಮ್ನೆ ಆಟವಾಡಬೇಡಿ, ಪ್ರಕಟಣೆ ಬಂದ ವಾರದಲ್ಲೇ ಸಹಿ ಮಾಡಿಸಿಕೊಳ್ಳಿ. ಬೆಂಗಳೂರಿನ ಹೊರಗಿನ ಕೆಲವು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ರಾಜ್ಯ ಸರ್ಕಾರದ ನೈನ್ ಕೇಂದ್ರಗಳೂ ಇವೆ. ಸ್ಥಳೀಯ ಸಮಸ್ಯೆಗೆ ಪರಿಹಾರ ಹುಡುಕುವ ವಿದ್ಯಾರ್ಥಿ ತಂಡಗಳಿಗೆ ಅಲ್ಲಿ ಹಣ, ಜಾಗ ಸಿಗುತ್ತದೆ. ನಿಮ್ಮ ಕಾಲೇಜಿನಲ್ಲೋ ಪಕ್ಕದ ಕಾಲೇಜಿನಲ್ಲೋ ಇದೆಯಾ ಅಂತ ಕೇಳಿ.

ಡಿಗ್ರಿ ಇಲ್ಲದವರಿಗೆ, ರೈತರಿಗೆ

ಎಸ್ಸೆಸ್ಸೆಲ್ಸಿ ಆಗಿಲ್ಲ, ಆದರೆ ಪಂಪ್‌ಸೆಟ್ಟಿಗೋ ಕಳೆ ಕೀಳಲಿಕ್ಕೋ ಹೊಸ ಸಾಧನ ಮಾಡಿಕೊಂಡಿದ್ದೀರಿ ಅನ್ನಿ. ನಿಮಗೆ ಸರಿಯಾದ ಜಾಗ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನ, ಎನ್.ಐ.ಎಫ್. ಇದು 2000ನೇ ಇಸವಿಯಲ್ಲಿ ಶುರುವಾಯಿತು, ಗುಜರಾತಿನ ಗಾಂಧಿನಗರದ ಹತ್ತಿರ ಇದೆ, ಡಿ.ಎಸ್.ಟಿ. ಕೈಕೆಳಗೆ ಬರುತ್ತದೆ. ಓದು ಕೇಳುವುದಿಲ್ಲ, ನೀವೇ ಮಾಡಿದ್ದಾ, ಹೊಸದಾ ಅಂತ ನೋಡುತ್ತಾರೆ. ಒಳ್ಳೆಯದು ಅನ್ನಿಸಿದರೆ ನಿಮ್ಮ ಹೆಸರಿನಲ್ಲೇ ಪೇಟೆಂಟ್ ಅರ್ಜಿ ಹಾಕಲು ನೆರವಾಗುತ್ತಾರೆ. ಯಂತ್ರದ ನಾಲ್ಕು ಕಡೆಯ ಫೋಟೊ, ಅದು ಓಡುವಾಗಿನ ಚಿಕ್ಕ ವಿಡಿಯೊ, ಯಾವಾಗ ಮಾಡಿದ್ದು, ಯಾರು ಬಳಸುತ್ತಿದ್ದಾರೆ ಅನ್ನುವ ವಿವರ ಇಟ್ಟುಕೊಳ್ಳಿ.

ಹೊಸ ತಳಿ ಕಂಡುಕೊಂಡವರ ದಾರಿ ಬೇರೆ. ನಮ್ಮ ದೇಶದ ಕಾನೂನಿನಲ್ಲಿ ಗಿಡ, ಬೀಜ, ಬೇಸಾಯದ ಕ್ರಮಕ್ಕೆ ಪೇಟೆಂಟ್ ಕೊಡುವುದಿಲ್ಲ. ಅದಕ್ಕೆ 2001ರ ಸಸ್ಯ ತಳಿಗಳ ಮತ್ತು ರೈತರ ಹಕ್ಕುಗಳ ಕಾಯ್ದೆ ಇದೆ. ಅದರಲ್ಲಿ ರೈತ ತನ್ನ ತಳಿ ನೋಂದಣಿ ಮಾಡಿಸಲು ಶುಲ್ಕ ಕಟ್ಟಬೇಕಿಲ್ಲ. ಗುಬ್ಬಿ ತಾಲ್ಲೂಕಿನ ಚೇಳೂರಿನ ತೋಟದಲ್ಲಿದ್ದ ಒಂದು ಹಲಸಿನ ಮರದ ಕಥೆ ಕೇಳಿರಬಹುದು. ತಾಮ್ರದ ಬಣ್ಣದ ತೊಳೆ, ಸುಮಾರು ಎರಡೂವರೆ ಕಿಲೋದ ಪುಟ್ಟ ಹಣ್ಣು. ಹಿರೇಹಳ್ಳಿಯ ತೋಟಗಾರಿಕೆ ಸಂಶೋಧನಾ ಕೇಂದ್ರದವರು ಅದನ್ನು ಪರೀಕ್ಷೆ ಮಾಡಿ "ಸಿದ್ದು" ಅಂತ ಹೆಸರಿಟ್ಟು ಸಸಿ ಬೆಳೆಸಿದರು. ಆ ಆದಾಯದಲ್ಲಿ ಶೇ. 75 ರೈತ ಕುಟುಂಬಕ್ಕೇ ಅಂತ ಒಪ್ಪಂದವಾಯಿತು. ನಿಮ್ಮ ಹೊಲದಲ್ಲೂ ಬೇರೆಲ್ಲೂ ಕಾಣದ ಹುಣಸೆ, ನೇರಳೆ, ಮಾವು ಇದ್ದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಚಿಕ್ಕಬಳ್ಳಾಪುರ ಜಿಲ್ಲೆಯದು ಚಿಂತಾಮಣಿ ಹತ್ತಿರ ಕುರುಬೂರಿನಲ್ಲಿದೆ. ಕೋಲಾರದ್ದು ಟಮಕದಲ್ಲಿ. ತುಮಕೂರು ಜಿಲ್ಲೆಯಲ್ಲಿ ಎರಡಿವೆ, ಹಿರೇಹಳ್ಳಿ ಮತ್ತು ತಿಪಟೂರಿನ ಕೊನೇಹಳ್ಳಿ. ಹೋಗುವಾಗ ಹಣ್ಣು, ಎಲೆ ತೆಗೆದುಕೊಂಡು ಹೋಗಿ. ಬರೀ ಫೋಟೊ ಸಾಲದು.

ಪ್ರದರ್ಶನಕ್ಕೆ ಮುಂಚೆ ಪೇಟೆಂಟ್

ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು ಅನ್ನಿಸುತ್ತದೆ. ನಿಮ್ಮ ಸಾಧನವನ್ನು ಮೇಳದಲ್ಲಿ ತೋರಿಸಿ, ಯೂಟ್ಯೂಬಿಗೆ ಹಾಕಿ, ಪೇಪರಿನಲ್ಲಿ ಫೋಟೊ ಬಂದ ಮೇಲೆ ಪೇಟೆಂಟ್‌ಗೆ ಹೋದರೆ "ಇದು ಈಗಾಗಲೇ ಎಲ್ಲರಿಗೂ ಗೊತ್ತಿರುವುದು" ಅಂತ ತಿರಸ್ಕರಿಸಬಹುದು. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಹೆಸರಿಸಿದ ಪ್ರದರ್ಶನಗಳಿಗೆ 12 ತಿಂಗಳ ವಿನಾಯಿತಿ ಇದೆ. ನಮ್ಮ ಕಾಲೇಜು ಮೇಳಗಳು ಆ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾಗಿ ಮೊದಲು ತಾತ್ಕಾಲಿಕ ಅರ್ಜಿ ಹಾಕಿ. ಅದಕ್ಕೆ ಪೂರ್ತಿ ವಿವರ ಬೇಕಿಲ್ಲ. ಏನು ಮಾಡಿದ್ದೀರಿ, ಹೇಗೆ ಕೆಲಸ ಮಾಡುತ್ತದೆ ಅಂತ ಚಿತ್ರ ಸಮೇತ ಬರೆದರೆ ಸಾಕು. ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಹಾಕಿದರೆ ಶುಲ್ಕ 1,600 ರೂಪಾಯಿ. 2021ರಿಂದ ಕಾಲೇಜುಗಳಿಗೂ ಇದೇ ಕಡಿಮೆ ದರ. ಹಾಕಿದ ದಿನದಿಂದ 12 ತಿಂಗಳೊಳಗೆ ಪೂರ್ಣ ಅರ್ಜಿ ಕೊಡಬೇಕು. ಕೊಡದಿದ್ದರೆ ಆ ಅರ್ಜಿ ಬಿದ್ದುಹೋಗುತ್ತದೆ. ಆಮೇಲೆ ಪರೀಕ್ಷೆ ಮಾಡಿ ಅಂತ ಬೇರೆ ಕೋರಿಕೆ ಸಲ್ಲಿಸಬೇಕು, 2024ರ ನಿಯಮದ ಪ್ರಕಾರ 31 ತಿಂಗಳೊಳಗೆ. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಗೆ ಸೇರುತ್ತವೆ. ಓಡಾಟ ಬೇಡ, ಎಲ್ಲಾ ಆನ್‌ಲೈನ್. ಪೂರ್ಣ ಅರ್ಜಿಯ ಭಾಷೆ ಕಷ್ಟ, ಅದಕ್ಕೆ ತಿಳಿದವರ ಸಹಾಯ ಬೇಕೇ ಬೇಕು. ಕೆ.ಎಸ್.ಸಿ.ಎಸ್.ಟಿ.ಯಲ್ಲೇ ಪೇಟೆಂಟ್ ಮಾಹಿತಿ ಕೇಂದ್ರ ಇದೆ, ಅಲ್ಲಿ ಮೊದಲು ವಿಚಾರಿಸಿ.

ಮಾದರಿ ಆಯಿತು, ಮುಂದೆ?

ಇಲ್ಲಿಂದ ಮುಂದೆ ನೀವು, ಹೊಸ ಉದ್ಯಮ ಶುರುಮಾಡುವವರಿಗೆ ಜಾಗ, ಸಲಹೆ, ಹಣದ ನೆರವು ಕೊಡುವ ಇನ್‌ಕ್ಯುಬೇಟರ್ ಅನ್ನುವ ಸಂಸ್ಥೆಗಳ ಮೂಲಕ ಹೋಗಬೇಕು. ದೆಹಲಿಯಿಂದ ನೇರ ದುಡ್ಡು ಬರುವುದಿಲ್ಲ. ಡಿ.ಎಸ್.ಟಿ. ಅವರಿಗೆ ಕೊಡುತ್ತದೆ, ಅವರು ನಿಮ್ಮನ್ನು ಆರಿಸಿ ಕಂತಿನಲ್ಲಿ ಕೊಡುತ್ತಾರೆ.

ಮೊದಲ ಮೆಟ್ಟಿಲು, ಮಾದರಿ ಮಾಡಲು ಅನುದಾನ ಕೊಡುವ ಡಿ.ಎಸ್.ಟಿ.ಯ ನಿಧಿ ಪ್ರಯಾಸ್ ಯೋಜನೆ. 10 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಕೈಯಲ್ಲಿ ಹಿಡಿಯುವ ವಸ್ತು ಆಗಿರಬೇಕು, ಬರೀ ಮೊಬೈಲ್ ಆಪ್‌ಗೆ ಕೊಡುವುದಿಲ್ಲ. ಕಂಪನಿ ಇಲ್ಲದಿದ್ದರೂ ವ್ಯಕ್ತಿಯಾಗಿ ಅರ್ಜಿ ಹಾಕಬಹುದು, ಅದೇ ಇದರ ದೊಡ್ಡ ಅನುಕೂಲ. ಮೈಸೂರಿನ ಎಸ್‌ಜೆಸಿಇ ಸ್ಟೆಪ್‌ನಂಥ ಕೇಂದ್ರಗಳು ಇದನ್ನು ನಡೆಸುತ್ತವೆ. ಬೆಂಗಳೂರಿನಲ್ಲೂ ಇವೆ. ಅರ್ಜಿಗೆ ಮುಂಚೆ ಒಂದು ಸಲ ಫೋನ್ ಮಾಡಿ, "ನನ್ನ ವಿಷಯ ಇದು, ನಿಮ್ಮ ಕೇಂದ್ರ ಇಂಥದ್ದು ತೆಗೆದುಕೊಳ್ಳುತ್ತದಾ?" ಅಂತ ಕೇಳಿ. ಪದವಿ ಮುಗಿಸಿ ಕೆಲಸಕ್ಕೆ ಹೋಗದೆ ಇದರಲ್ಲೇ ಕೂರುವವರಿಗೆ ನಿಧಿ ಇಐಆರ್ ಇದೆ, ತಿಂಗಳಿಗೆ 30,000 ರೂಪಾಯಿವರೆಗೆ ಜೀವನಕ್ಕೆ ಕೊಡುತ್ತಾರೆ. ಮನೆಯಲ್ಲಿ "ಎರಡು ವರ್ಷ ಸಂಬಳ ಇಲ್ಲದೆ ಹೇಗೆ?" ಅನ್ನುವ ಪ್ರಶ್ನೆ ಬಂದಾಗ ಇದು ದೊಡ್ಡ ಆಸರೆ.

ಔಷಧಿ, ರೋಗ ಪತ್ತೆ, ಜೈವಿಕ ಗೊಬ್ಬರದಂಥ ವಿಷಯವಾದರೆ ಜೈವಿಕ ತಂತ್ರಜ್ಞಾನಕ್ಕೆ ಅಂತ ಕೇಂದ್ರ ಸರ್ಕಾರ ಮಾಡಿರುವ ಬೈರಾಕ್ ಸಂಸ್ಥೆಯ ಬಿಗ್ ಅನುದಾನ ನೋಡಿ. 50 ಲಕ್ಷದವರೆಗೆ, 18 ತಿಂಗಳಿಗೆ. ಜನವರಿ 1 ಮತ್ತು ಜುಲೈ 1ಕ್ಕೆ ಅರ್ಜಿ ಕರೆಯುತ್ತಾರೆ. ಬೆಂಗಳೂರಿನ ಸಿ-ಕ್ಯಾಂಪ್ ಇದರ ಪಾಲುದಾರ ಸಂಸ್ಥೆ. ಬೇಸಾಯಕ್ಕೆ ಸಂಬಂಧಪಟ್ಟಿದ್ದರೆ ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯಡಿ ಎರಡು ತಿಂಗಳ ತರಬೇತಿ, ಆಮೇಲೆ ಐಡಿಯಾ ಹಂತಕ್ಕೂ ಬೀಜ ಹಂತಕ್ಕೂ (ಸೀಡ್, ಅಂದರೆ ಉದ್ಯಮ ಶುರುಮಾಡಿ ಬೆಳೆಸುವ ಹಂತ) ಬೇರೆ ಬೇರೆ ಅನುದಾನ ಇದೆ. ಬೀಜ ಹಂತಕ್ಕೆ 25 ಲಕ್ಷದವರೆಗೆ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಇದನ್ನು ನಡೆಸುವ ಮುಖ್ಯ ಕೇಂದ್ರಗಳಲ್ಲಿ ಒಂದು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲೂ ಇನ್‌ಕ್ಯುಬೇಟರ್ ಇದೆ. ನಂದಿ ಬೆಟ್ಟದ ಕಡೆ ದ್ರಾಕ್ಷಿ, ಹೂವು ಬೆಳೆಯುವವರಿಗೆ ಅದೇ ಹತ್ತಿರ.

ಕಂಪನಿ ಮಾಡುವವರು ಒಂದು ವಿಷಯ ಗಮನಿಸಿ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಮಾಡಿಸಿ ಸ್ವಂತ ಹೆಸರಿನ ಅಂಗಡಿ ಇಟ್ಟರೆ ಅದು ಸ್ಟಾರ್ಟ್‌ಅಪ್ ಅಲ್ಲ. ಕೇಂದ್ರದ ಸ್ಟಾರ್ಟ್‌ಅಪ್ ಮಾನ್ಯತೆಗೆ ಪ್ರೈವೇಟ್ ಲಿಮಿಟೆಡ್, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ), ನೋಂದಾಯಿತ ಪಾಲುದಾರಿಕೆಯಂಥ ರೂಪ ಬೇಕು. ಈ ಮಾನ್ಯತೆ ಪಡೆಯಲು ಶುಲ್ಕ ಇಲ್ಲ. 2021ರಲ್ಲಿ ಬಂದ ಸ್ಟಾರ್ಟ್‌ಅಪ್ ಇಂಡಿಯಾ ಸೀಡ್ ಫಂಡ್‌ನಲ್ಲಿ ಮಾದರಿ ಮಾಡಲು 20 ಲಕ್ಷದವರೆಗೆ ಅನುದಾನ ಅಂತ ಇಟ್ಟರು, ಆದರೆ ಕಂಪನಿ ಶುರುವಾಗಿ ಎರಡು ವರ್ಷ ದಾಟಿರಬಾರದು. ಸುಮ್ಮನೆ ಅವಸರದಲ್ಲಿ ಕಂಪನಿ ಮಾಡಿಸಿ ಎರಡು ವರ್ಷ ಖಾಲಿ ಕೂರಿಸಿದವರು ಇಲ್ಲೇ ಕಳೆದುಕೊಳ್ಳುತ್ತಾರೆ. ಮೊದಲು ಪ್ರಯಾಸ್, ಆಮೇಲೆ ಕಂಪನಿ ಅನ್ನುವುದು ನನ್ನ ಸಲಹೆ. ಅರ್ಜಿ ಹಾಕುವ ವರ್ಷದ ಪ್ರಕಟಣೆ ಪೋರ್ಟಲ್‌ನಲ್ಲಿ ನೋಡಿಯೇ ಮುಂದುವರಿಯಿರಿ.

ಹೊಸ ಕಂಪನಿಗಳಿಗೆ ರಾಜ್ಯ ಸರ್ಕಾರದ್ದೇ ಯೋಜನೆ ಎಲಿವೇಟ್. 50 ಲಕ್ಷದವರೆಗೆ ಒಂದೇ ಸಲದ ಅನುದಾನ. ಹಿಂದಕ್ಕೆ ಕೊಡಬೇಕಿಲ್ಲ, ಕಂಪನಿಯಲ್ಲಿ ಪಾಲೂ ಕೇಳುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಎಲಿವೇಟ್ ಉನ್ನತಿ ಅಂತ ಬೇರೆ ಕರೆಯುತ್ತಾರೆ, ಅಂಥವರು ಖಂಡಿತ ಹಾಕಿ.

ಕಾಲೇಜು ಅಧ್ಯಾಪಕರಿಗೆ ಎರಡು ಮಾತು. 2023ರ ಕಾಯ್ದೆಯ ಮೂಲಕ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂದಿದೆ, ಮೊದಲು ಸಂಶೋಧನೆಗೆ ಅನುದಾನ ಕೊಡುತ್ತಿದ್ದ ಸರ್ಬ್ ಮಂಡಳಿ ಅದರಲ್ಲಿ ಸೇರಿಹೋಗಿದೆ. ಐದು ವರ್ಷಕ್ಕೆ 50,000 ಕೋಟಿ ಅಂದುಕೊಂಡಿದ್ದಾರೆ, ಅದರಲ್ಲಿ ಹೆಚ್ಚಿನ ಪಾಲು ಸರ್ಕಾರದ ಹೊರಗಿನಿಂದ ಬರಬೇಕು. ಲ್ಯಾಬ್ ಇಲ್ಲದ ಕಾಲೇಜಿನವರು ದೊಡ್ಡ ಸಂಸ್ಥೆಯ ಲ್ಯಾಬ್‌ಗೆ ಹೋಗಿ ಕೆಲಸ ಮಾಡಲು ಸರ್ಬ್ ಕಾಲದಲ್ಲೇ ಟೇರ್ ಅನ್ನುವ ಯೋಜನೆ ಬಂದಿತ್ತು, ಅದನ್ನು ವಿಚಾರಿಸಿ. ರಾಜ್ಯ ಸರ್ಕಾರದ ವಿಜ್ಞಾನ ಸಲಹಾ ಗುಂಪಾದ ವಿ.ಜಿ.ಎಸ್.ಟಿ.ಯ ಪ್ರಕಟಣೆಗಳನ್ನೂ ನೋಡುತ್ತಿರಿ.

ಖರ್ಚಿನ ಪಟ್ಟಿ ಮತ್ತು ಬಿಲ್

"ಎಲೆಕ್ಟ್ರಾನಿಕ್ ಸಾಮಾನು: 2 ಲಕ್ಷ" ಅಂತ ಒಂದೇ ಸಾಲು ಬರೆದ ಅರ್ಜಿಗೆ ಯಾರೂ ಹಣ ಕೊಡುವುದಿಲ್ಲ. ಯಾವ ಸೆನ್ಸರ್, ಎಷ್ಟು, ಒಂದಕ್ಕೆ ಎಷ್ಟು ಬೆಲೆ ಅಂತ ಬಿಡಿಸಿ ಬರೆಯಿರಿ. ದುಬಾರಿ ಸಾಮಾನಿಗೆ ಎರಡು ಮೂರು ಅಂಗಡಿಯ ಕೊಟೇಶನ್ ಇಟ್ಟುಕೊಳ್ಳಿ. ಪರೀಕ್ಷೆಯ ಖರ್ಚು, ಹಳ್ಳಿಗಳಿಗೆ ಓಡಾಟ, ಲೇತ್ ಕೆಲಸದ ಕೂಲಿ ಇವನ್ನು ಮರೆಯಬೇಡಿ. ಮೊದಲ ಮಾದರಿ ಸುಟ್ಟುಹೋಗುತ್ತದೆ, ಎರಡನೆಯದಕ್ಕೂ ಸಾಮಾನು ಬರೆಯಿರಿ. ಇದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಅನುಭವ ಇದೆ ಅಂತಲೇ ತಿಳಿಯುತ್ತಾರೆ.

ಹಣ ಬಂದ ಮೇಲೆ ಎಲೆಕ್ಟ್ರಾನಿಕ್ ಸಾಮಾನು ಸಿಗುವ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗಿ ಬಿಳಿ ಚೀಟಿಯಲ್ಲಿ ಲೆಕ್ಕ ಬರೆಸಿಕೊಂಡು ಬಂದರೆ ಮುಗಿಯಿತು, ಆ ಖರ್ಚು ಯಾರೂ ಒಪ್ಪುವುದಿಲ್ಲ. ಜಿಎಸ್‌ಟಿ ಬಿಲ್ ಬೇಕು, ನಿಮ್ಮ ಅಥವಾ ಕಾಲೇಜಿನ ಹೆಸರು ಅದರ ಮೇಲೆ ಇರಬೇಕು. ದುಡ್ಡನ್ನು ಬ್ಯಾಂಕ್ ಮೂಲಕವೇ ಕೊಡಿ. ಅನುದಾನಕ್ಕೆ ಅಂತ ಬೇರೆ ಖಾತೆ ಇಟ್ಟರೆ ಇನ್ನೂ ಒಳ್ಳೆಯದು. ಸರ್ಕಾರಿ ಅನುದಾನ ಪಡೆದ ಸಂಸ್ಥೆ ಹಣ ಬಳಕೆಯ ಪ್ರಮಾಣಪತ್ರ ಕೊಡಲೇಬೇಕು, ಇಲಾಖೆಯವರು ಯು.ಸಿ. ಅನ್ನುವುದು ಇದನ್ನೇ. ಅದು ಹೋಗುವವರೆಗೆ ಮುಂದಿನ ಕಂತು ಬರುವುದಿಲ್ಲ. ಒಂದು ರಟ್ಟಿನ ಫೈಲು ತಗೊಂಡು ಬಿಲ್ ಬಂದ ದಿನವೇ ಅಂಟಿಸಿ. ಶಾಯಿ ಮಾಸುವ ಬಿಲ್ಲಾದರೆ ಜೆರಾಕ್ಸ್ ಕೂಡ ಮಾಡಿಸಿಡಿ.

ದಲ್ಲಾಳಿಗಳು, ಮತ್ತು ಅರ್ಜಿ ತಿರಸ್ಕಾರ ಆದಾಗ

"ಇಷ್ಟು ಪರ್ಸೆಂಟ್ ಕೊಡಿ, ಅನುದಾನ ಮಾಡಿಸಿಕೊಡ್ತೀನಿ" ಅಂತ ಬರುವವರನ್ನು ಮನೆ ಬಾಗಿಲಿನಿಂದಲೇ ಕಳಿಸಿ. ಅಧಿಕೃತ ಶುಲ್ಕ ಇದ್ದರೆ ಅದು ಪ್ರಕಟಣೆಯಲ್ಲೇ ಬರೆದಿರುತ್ತದೆ, ಪೋರ್ಟಲ್‌ನಲ್ಲೇ ಕಟ್ಟುತ್ತೀರಿ. ಬರೆಯಲು ಸಹಾಯ ಮಾಡಿದವರಿಗೆ ಕೂಲಿ ಕೊಡುವುದು ಬೇರೆ, ಬರುವ ಹಣದಲ್ಲಿ ಪಾಲು ಕೊಡುವುದು ಬೇರೆ. ಪಾಲು ಕೊಟ್ಟ ಹಣಕ್ಕೆ ಬಿಲ್ ತೋರಿಸಲು ಆಗುವುದಿಲ್ಲ, ಆಮೇಲೆ ಸಿಕ್ಕಿಬೀಳುವುದು ನೀವೇ.

ಮೊದಲ ಸಲವೇ ಸಿಗುವುದು ಅಪರೂಪ. ಇಲ್ಲ ಅಂದರೆ, ಯಾಕೆ ಇಲ್ಲ ಅಂತ ಮರ್ಯಾದೆಯಿಂದ ಮೇಲ್ ಮಾಡಿ ಕೇಳಿ. ಒಳ್ಳೆಯ ಇನ್‌ಕ್ಯುಬೇಟರ್‌ನವರು ಕಾರಣ ಹೇಳುತ್ತಾರೆ. "ಹೊಸತನ ಕಮ್ಮಿ" ಅಂದರೆ ಹಳೆಯ ಪೇಟೆಂಟುಗಳನ್ನು ಹುಡುಕಿ, ನಿಮ್ಮದು ಎಲ್ಲಿ ಬೇರೆ ಅಂತ ಒಂದು ಪುಟ ಸೇರಿಸಿ. ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಹುಡುಕುವುದಕ್ಕೆ ದುಡ್ಡು ಬೇಕಿಲ್ಲ. "ಮಾರುಕಟ್ಟೆ ಸ್ಪಷ್ಟ ಇಲ್ಲ" ಅಂದರೆ ಇನ್ನೊಂದಷ್ಟು ರೈತರನ್ನೋ ಅಂಗಡಿಯವರನ್ನೋ ಮಾತಾಡಿಸಿ, ಅವರು ಹೇಳಿದ ಬೆಲೆ ಬರೆಯಿರಿ. "ತಂಡದಲ್ಲಿ ಇಂಥವರಿಲ್ಲ" ಅಂದರೆ ಒಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ. ಹುಳು ಮನೆ ಸಾಧನಕ್ಕೆ ರೇಷ್ಮೆ ಇಲಾಖೆಯ ವಿಸ್ತರಣಾಧಿಕಾರಿಯೋ, ಚಿಂತಾಮಣಿಯ ರೇಷ್ಮೆ ಕಾಲೇಜಿನ ಅಧ್ಯಾಪಕರೋ ಸಲಹೆಗಾರರಾಗಿ ಸಿಕ್ಕರೆ ಅರ್ಜಿಯ ತೂಕವೇ ಬೇರೆ. ತಿದ್ದಿದ ಮೇಲೆ ಅದೇ ಅರ್ಜಿಯನ್ನು ಬೇರೆ ಕೇಂದ್ರಕ್ಕೂ ಕಳಿಸಬಹುದು. ಹಿಂದೆ ಎಲ್ಲಿ ಹಾಕಿದ್ದೆವು, ಏನಾಯಿತು ಅಂತ ಕೇಳುವ ಜಾಗದಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆಯಿರಿ.